ನರ್ಸಿಂಗ್ ಮ್ಯಾನೇಜರ್‌ಗಳ ಸಮಯ ಯಾವುದರಲ್ಲಿ ಕಳೆಯುತ್ತದೆ?

ನರ್ಸಿಂಗ್ ಮ್ಯಾನೇಜರ್‌ಗಳು ರೋಗಿಯ ಬಳಿ ಕಾಣಿಸುವುದೇ ಅಪರೂಪವಾದ್ದರಿಂದ ಅವರ ದಿನವೆಲ್ಲ ಯಾವುದರಲ್ಲಿ ಕಳೆಯುತ್ತದೆ ಎಂದು ಕೇಳಿದ್ದೀರಿ. ಪ್ರಾಜೆಕ್ಟಿಗಾಗಿ ಅವರಿಗೆ ಪ್ರಶ್ನಾವಳಿ ಹಂಚುವ ಯೋಚನೆಯಿದೆ ಎಂದೂ ಬರೆದಿದ್ದೀರಿ. ಮೊದಲು ವಾರ್ಡ್ ಇನ್‌ಚಾರ್ಜ್ ಆಗಿ, ಆಮೇಲೆ ಹಲವು ವಾರ್ಡ್‌ಗಳ ಮೇಲ್ವಿಚಾರಕಿಯಾಗಿ ಕೆಲಸ ಮಾಡಿರುವ ನಾನು ಕಂಡಂತೆ, ದೊಡ್ಡ ಪಾಲು ಡ್ಯೂಟಿ ಪಟ್ಟಿಗೆ ಹೋಗುತ್ತದೆ. ಪಟ್ಟಿ ಬರೆಯಲು ಬೇಕಾಗುವ ಹೊತ್ತಿಗಿಂತ, ಬರೆದ ಪಟ್ಟಿ ತಪ್ಪಿದಾಗ ಅದನ್ನು ಸರಿಹೊಂದಿಸಲು ಹಿಡಿಯುವ ಹೊತ್ತೇ ಹೆಚ್ಚು.

ಬೆಳಗಿನ ಪಾಳಿ ಶುರುವಾಗುವಾಗ ಐಸಿಯುವಿನ ನರ್ಸ್ ಒಬ್ಬರು ಜ್ವರವೆಂದು ಫೋನ್ ಮಾಡಿದರು ಎಂದುಕೊಳ್ಳಿ. ವೆಂಟಿಲೇಟರ್‌ನಲ್ಲಿರುವ ರೋಗಿಯನ್ನು ಸಿಕ್ಕಿದವರ ಕೈಗೆ ಒಪ್ಪಿಸುವಂತಿಲ್ಲ. ಆ ಕೆಲಸ ಬಲ್ಲವರು ಯಾವ ವಾರ್ಡಿನಲ್ಲಿದ್ದಾರೆ, ಅಲ್ಲಿಂದ ಒಬ್ಬರನ್ನು ಕರೆದರೆ ಉಳಿದವರಿಗೆ ತಲಾ ಎಷ್ಟು ರೋಗಿಗಳಾಗುತ್ತಾರೆ, ರಾತ್ರಿಯೆಲ್ಲ ದುಡಿದವರನ್ನು ಇನ್ನೂ ಸ್ವಲ್ಪ ಹೊತ್ತು ಇರಿ ಎನ್ನುವುದು ಸರಿಯೇ ಎಂಬುದನ್ನೆಲ್ಲ ನಿಂತ ನಿಲುವಿನಲ್ಲೇ ತೀರ್ಮಾನಿಸಬೇಕಾಗುತ್ತದೆ. ಇದನ್ನು ಗುಮಾಸ್ತಿಕೆ ಎಂದು ಹಗುರವಾಗಿ ಕಾಣುವವರಿದ್ದಾರೆ, ನನಗದು ಒಪ್ಪಿಗೆಯಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದವರ ದಾಖಲೆಗಳನ್ನು ಪರಿಶೀಲಿಸಿ ನರ್ಸಿಂಗ್ ಸಂಶೋಧಕಿ ಲಿಂಡಾ ಏಕನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬ ನರ್ಸ್ ನೋಡಿಕೊಳ್ಳುವ ರೋಗಿಗಳ ಸಂಖ್ಯೆ ಒಂದೊಂದಾಗಿ ಹೆಚ್ಚಿದಂತೆ 30 ದಿನಗಳೊಳಗೆ ಸಾವು ಸಂಭವಿಸುವ ಸಾಧ್ಯತೆ ಶೇ 7ರಷ್ಟು ಏರಿದ್ದು ಕಂಡುಬಂದಿತ್ತು.

ಇನ್ನುಳಿದದ್ದು ಚೂರುಚೂರು ಕೆಲಸ: ಡಿಸ್ಚಾರ್ಜ್ ತಡವಾಗಿ ಹಾಸಿಗೆ ಖಾಲಿಯಾಗದಿರುವುದು, ಇಂಡೆಂಟ್ (ವಾರ್ಡಿಗೆ ಬೇಕಾದ ಸಾಮಗ್ರಿಗಳ ಬೇಡಿಕೆ ಪಟ್ಟಿ), ರೋಗಿಯ ಕಡೆಯವರ ದೂರು, ಮೀಟಿಂಗು. ಮ್ಯಾನೇಜರ್ ಕೆಲಸವನ್ನು ಅಧ್ಯಯನ ಮಾಡಿದ ವಿದ್ವಾಂಸ ಹೆನ್ರಿ ಮಿಂಟ್ಸ್‌ಬರ್ಗ್ ಸಂಸ್ಥೆಗಳ ಐವರು ಮುಖ್ಯ ಅಧಿಕಾರಿಗಳ ಜೊತೆಗಿದ್ದು ಗಮನಿಸಿ, ಅವರ ಅರ್ಧದಷ್ಟು ಕೆಲಸಗಳು 9 ನಿಮಿಷಕ್ಕಿಂತ ಕಡಿಮೆ ಅವಧಿಯವು ಎಂದು 1973ರಲ್ಲಿ ಬರೆದರು. ನಮ್ಮಲ್ಲಿ ಅಡ್ಡಿಯಿಲ್ಲದೆ 9 ನಿಮಿಷ ಒಂದೇ ಕೆಲಸದಲ್ಲಿ ಕೂರಲು ಸಿಕ್ಕಿದರೆ ಅದೇ ಭಾಗ್ಯ.

ಇಷ್ಟರ ನಡುವೆ ಮೊದಲು ಕತ್ತರಿ ಬೀಳುವುದು ರೌಂಡ್ಸಿಗೆ. ಹೊರಳಲಾಗದ ರೋಗಿಯ ಹಿಮ್ಮಡಿ (ಒತ್ತಡದ ಹುಣ್ಣಿನ ಮುನ್ಸೂಚನೆಯಾಗಿ) ಕೆಂಪಾಗಿದೆಯೇ, ನೋಡಲು ಒಂದೇ ಥರ ಇರುವ ಎರಡು ಔಷಧಿಗಳ ಪುಟ್ಟ ಗಾಜಿನ ಸೀಸೆಗಳು, ಅಂದರೆ ಆಂಪ್ಯೂಲ್‌ಗಳು ಒಂದೇ ಟ್ರೇನಲ್ಲಿ ಬಿದ್ದಿವೆಯೇ ಎಂಬುದು ಕುರ್ಚಿಯಲ್ಲಿ ಕೂತವರಿಗೆ ತಿಳಿಯುವುದಿಲ್ಲ.

ಪ್ರಶ್ನಾವಳಿಯೊಂದನ್ನೇ ನಂಬಬೇಡಿ. ಸಂಜೆ ಕೇಳಿದರೆ ಮೀಟಿಂಗು, ವರದಿ ಎಂದು ಹೆಸರಿರುವ ಕೆಲಸಗಳಷ್ಟೇ ನೆನಪಿಗೆ ಬರುತ್ತವೆ. ಅನುಮತಿ ಪಡೆದು ಒಬ್ಬರ ಜೊತೆ ಇಡೀ ಪಾಳಿ ಓಡಾಡಿ, ಕೆಲಸ ಬದಲಾದಾಗಲೆಲ್ಲ ಗಡಿಯಾರ ನೋಡಿ ಬರೆದುಕೊಳ್ಳಿ. ರಾತ್ರಿ ಪಾಳಿಯನ್ನೂ ಬಿಡಬೇಡಿ, ಏಕೆಂದರೆ ಆಗ ಇಡೀ ಆಸ್ಪತ್ರೆಯ ಕರೆಗಳು ಒಬ್ಬ ಮೇಲ್ವಿಚಾರಕರಿಗೇ ಬರುವುದುಂಟು.