ಎಸ್.ಪಿ. ರಸ್ತೆಯಲ್ಲಿ ಕಂಪ್ಯೂಟರ್ ಕೊಳ್ಳುವ ಮುನ್ನ

ಮಗಳ ಓದಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಂಪ್ಯೂಟರ್ ಅಸೆಂಬಲ್ ಮಾಡಿಸಬಹುದಾ, 1 ಟಿಬಿ ಹಾರ್ಡ್ ಡಿಸ್ಕ್ ಜೊತೆ ವಿಂಡೋಸ್ ಫ್ರೀ ಅಂತಿದ್ದಾರೆ ಎಂದು ಕೇಳಿದ್ದೀರಿ. ಧಾರಾಳವಾಗಿ ಮಾಡಿಸಿ. ಆದರೆ ಹಾರ್ಡ್ ಡಿಸ್ಕ್ ಬೇಡ, 512 ಜಿಬಿ ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್‌ನಲ್ಲಿ ಡೇಟಾ ಇಡುವ ಡಿಸ್ಕ್) ಹಾಕಿಸಿ. ಜಾಗ ಕಡಿಮೆಯಾದರೂ ವೇಗ ತುಂಬಾ ಜಾಸ್ತಿ. ಓದುವ ಮಗುವಿಗೆ ಅದೇ ಮುಖ್ಯ ಅಲ್ವಾ?

ಆ ಫ್ರೀ ವಿಂಡೋಸ್ ನನಗೆ ಇಷ್ಟವಾಗಲಿಲ್ಲ. ಲೈಸೆನ್ಸ್ ಬಿಲ್ಲಿನಲ್ಲಿ ಇರುತ್ತದಾ ಅಂತ ನೇರವಾಗಿ ಕೇಳಿ. ಇಲ್ಲ ಅಂದರೆ ಅದು ಕಳ್ಳ ಕಾಪಿ ಇರಬಹುದು, ಹಾಕಿಸಲೇಬೇಡಿ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹಾಗಾಗಿ ಹಾಕಿಸುವುದಾದರೆ ವಿಂಡೋಸ್ 11 ಹಾಕಿಸಿ. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಕಂಪ್ಯೂಟರಿನಲ್ಲಿ ಇರಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಈಚಿನ ಪ್ರೊಸೆಸರೇ ಬೇಕು. ಅಗ್ಗಕ್ಕೆ ಸಿಗುತ್ತದೆ ಅಂತ ಹಳೆಯದನ್ನು ಒಪ್ಪಬೇಡಿ. ಲೈಸೆನ್ಸ್ ದುಬಾರಿ ಅನಿಸಿದರೆ ವಿಂಡೋಸ್ ಬದಲು ಉಬುಂಟು ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಸಿ. ಬರೆಯಲು, ಲೆಕ್ಕ ಹಾಕಲು ಬಳಸುವ ಲಿಬ್ರೆಆಫೀಸ್ ಕೂಡ ಉಚಿತ. ಕನ್ನಡ ಟೈಪಿಂಗ್ ವಿಂಡೋಸ್, ಉಬುಂಟು ಎರಡರಲ್ಲೂ ಸಿಗುತ್ತದೆ.

ಅಸೆಂಬಲ್ ಮಾಡಿಸಿದಾಗ ವಾರಂಟಿ ಪ್ರತಿ ಭಾಗಕ್ಕೂ ಬೇರೆ ಬೇರೆ. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಭಾಗ) ಮಾತ್ರ ಒಳ್ಳೆ ಕಂಪನಿಯದೇ ಇರಲಿ, ಅದರಲ್ಲಿ ಸುಮ್ನೆ ಚೌಕಾಸಿ ಬೇಡ.