ಮೈಎಸ್‌ಕ್ಯೂಎಲ್‌ಗೆ (ಡೇಟಾಬೇಸ್ ಸಾಫ್ಟ್‌ವೇರ್) 4 ಲಕ್ಷ ಸಾಲು ಹಾಕೋಕೆ ಗಂಟೆಗಟ್ಟಲೆ ಆಗ್ತಿದೆ, ರ‍್ಯಾಮ್ ಜಾಸ್ತಿ ಮಾಡಿದ್ರೆ ಸರಿ ಹೋಗುತ್ತಾ?

ರ‍್ಯಾಮ್‌ಗೆ ಈಗಲೇ ದುಡ್ಡು ಹಾಕಬೇಡಿ. ನೀವು ಹೇಳಿದ ಪ್ರಕಾರ ಯಲ್ಲಾಪುರದ ಸೊಸೈಟಿಯೊಂದರ ಹಳೇ ಅಡಿಕೆ ಟೆಂಡರ್ ಲೆಕ್ಕ ಎಕ್ಸೆಲ್‌ನಲ್ಲಿದೆ, ಜಾವಾ ಪ್ರೋಗ್ರಾಂ ಅಲ್ಲೇ ಆಫೀಸಿನ ಕಂಪ್ಯೂಟರ್‌ನಲ್ಲಿ ಓಡುತ್ತದೆ, ಡೇಟಾಬೇಸ್ ಮಾತ್ರ ಮುಂಬೈ ಕ್ಲೌಡ್‌ನಲ್ಲಿದೆ, "ಬ್ಯಾಚ್ ಕೂಡ ಮಾಡಿದ್ದೇನೆ, ಆದ್ರೂ ಸ್ಲೋ" ಅಂತೀರಿ (ಬ್ಯಾಚ್ ಅಂದ್ರೆ ಸಾಲುಗಳನ್ನು ಗುಂಪಾಗಿ ಕಳಿಸೋದು). ನಾನು ಶಿರಸಿಯಲ್ಲಿ ಇಂಥದ್ದೇ ಕೆಲಸ ಮಾಡೋನು, ಸರ್ವರ್ ಸುಸ್ತಾಗಿದೆ ಅಂತ ನನಗೆ ಅನಿಸುತ್ತಿಲ್ಲ.

ಮೊದಲು ಒಂದು ಚೆಕ್ ಮಾಡಿ. ಇಂಪೋರ್ಟ್ ಓಡುತ್ತಿರುವಾಗ ಇನ್ನೊಂದು ವಿಂಡೋದಲ್ಲಿ ಶೋ ಪ್ರೊಸೆಸ್‌ಲಿಸ್ಟ್ ಅಂತ ಕೊಟ್ಟು ನಾಲ್ಕೈದು ಸಲ ನೋಡಿ. ನಿಮ್ಮ ಕನೆಕ್ಷನ್ ಮುಂದೆ ಹೆಚ್ಚು ಸಲ 'ಸ್ಲೀಪ್' ಅಂತಲೇ ಕಂಡರೆ, ಸರ್ವರ್ ಕೆಲಸ ಇಲ್ಲದೆ ನಿಮ್ಮ ಮುಂದಿನ ಸಾಲಿಗೆ ಕಾಯುತ್ತಾ ಕೂತಿದೆ ಅಂತ ಅರ್ಥ. ಲೆಕ್ಕ ಹಾಕಿ: ಒಂದು ಸಾಲು ಮುಂಬೈಗೆ ಹೋಗಿ ಉತ್ತರ ಬರೋಕೆ 30 ಮಿಲಿಸೆಕೆಂಡ್ ಅಂತಿಟ್ಟುಕೊಂಡರೂ 4 ಲಕ್ಷ ಸಾಲಿಗೆ 12,000 ಸೆಕೆಂಡ್, ಅಂದ್ರೆ 3 ಗಂಟೆ 20 ನಿಮಿಷ ಬರೀ ಓಡಾಟಕ್ಕೇ ಹೋಯ್ತು. ಅದೇ ಒಂದು ಇನ್ಸರ್ಟ್‌ನಲ್ಲಿ (ಸಾಲು ಸೇರಿಸೋ ಆದೇಶ) 1,000 ಸಾಲು ತುಂಬಿದರೆ 400 ಓಡಾಟ, 12 ಸೆಕೆಂಡ್. ಡೇಟಾ ಸಾಗೋಕೆ, ಬರೆಯೋಕೆ ಇನ್ನೊಂದಿಷ್ಟು ಹಿಡಿಯುತ್ತದೆ, ಆದ್ರೂ ಗಂಟೆಗಳ ಮಾತಲ್ಲ.

ಈಗ ನಿಮ್ಮ ಬ್ಯಾಚ್ ವಿಷಯ. ಎಕ್ಸಿಕ್ಯೂಟ್‌ಬ್ಯಾಚ್ ಅಂತ ಬರೆದ ಕೂಡಲೇ ಎಲ್ಲಾ ಒಟ್ಟಿಗೆ ಹೋಗುತ್ತದೆ ಅಂತ ತುಂಬಾ ಜನ ನಂಬಿರುತ್ತಾರೆ. ಮೈಎಸ್‌ಕ್ಯೂಎಲ್‌ನ ಜಾವಾ ಡ್ರೈವರ್ (ಪ್ರೋಗ್ರಾಂ ಮತ್ತು ಡೇಟಾಬೇಸ್ ನಡುವಿನ ಕೊಂಡಿ) ಡೀಫಾಲ್ಟ್ ಆಗಿ ಹಾಗೆ ಮಾಡುವುದಿಲ್ಲ, ಒಂದೊಂದೇ ಇನ್ಸರ್ಟ್ ಕಳಿಸುತ್ತದೆ! ಕನೆಕ್ಷನ್ ಯುಆರ್‌ಎಲ್‌ಗೆ ರೀರೈಟ್‌ಬ್ಯಾಚ್ಡ್‌ಸ್ಟೇಟ್‌ಮೆಂಟ್ಸ್ ಅನ್ನೋ ಆಯ್ಕೆ ಸೇರಿಸಿ ಟ್ರೂ ಮಾಡಿ. ಹೈಬರ್ನೇಟ್ (ಎಸ್‌ಕ್ಯೂಎಲ್ ಅನ್ನು ತಾನೇ ಬರೆದುಕೊಡೋ ಜಾವಾ ಲೈಬ್ರರಿ) ಬಳಸುತ್ತಿದ್ದರೆ ಇನ್ನೊಂದು ತೊಡಕಿದೆ: ಐಡಿಗೆ ಐಡೆಂಟಿಟಿ (ನಂಬರನ್ನು ಡೇಟಾಬೇಸೇ ಕೊಡಲಿ) ಅಂತ ಕೊಟ್ಟಿದ್ದರೆ ಅದು ಇನ್ಸರ್ಟ್ ಬ್ಯಾಚಿಂಗನ್ನೇ ಕೈಬಿಡುತ್ತದೆ. ಇಂಪೋರ್ಟ್‌ಗೆ ಮಾತ್ರ ನೇರ ಜೆಡಿಬಿಸಿ (ಜಾವಾದಿಂದ ಡೇಟಾಬೇಸ್ ಜೊತೆ ನೇರ ಮಾತಾಡೋ ದಾರಿ) ಬರೆದುಬಿಡಿ, ತಲೆಬಿಸಿ ಕಮ್ಮಿ.

ಜೊತೆಗೆ ಆಟೋಕಮಿಟ್ (ಪ್ರತಿ ಆದೇಶವನ್ನೂ ಕೂಡಲೇ ಖಾಯಂ ಮಾಡೋದು, ಅಂದ್ರೆ ಕಮಿಟ್) ಆಫ್ ಮಾಡಿ. ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಇನ್ನೋಡಿಬಿ (ಮೈಎಸ್‌ಕ್ಯೂಎಲ್ ಒಳಗೆ ಡೇಟಾ ಇಡೋ ಭಾಗ) ಪ್ರತಿ ಕಮಿಟ್‌ಗೂ ಲಾಗನ್ನು ಡಿಸ್ಕ್‌ಗೆ ಬರೆದು ಮುಗಿಸಿದ ಮೇಲೇ 'ಆಯ್ತು' ಅನ್ನುತ್ತದೆ. 5,000 ಸಾಲಿಗೊಂದು ಕಮಿಟ್ ಸಾಕು. ನಾಲ್ಕು ಲಕ್ಷವನ್ನೂ ಒಂದೇ ಟ್ರಾನ್ಸಾಕ್ಷನ್‌ಗೆ ತುರುಕಬೇಡಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು, ನೆಟ್ಟು ಹೇಗಿರುತ್ತದೆ ಗೊತ್ತಲ್ವಾ, ಮಧ್ಯದಲ್ಲಿ ಕಡಿದರೆ ಪೂರ್ತಿ ರೋಲ್‌ಬ್ಯಾಕ್, ಅಂದ್ರೆ ಹಾಕಿದ್ದೆಲ್ಲಾ ವಾಪಸ್. ವರ್ಷ ಮತ್ತು ಚೀಟಿ ನಂಬರ್ ಸೇರಿಸಿ ಒಂದು ಯೂನಿಕ್ ಕೀ (ಒಂದೇ ಬೆಲೆ ಎರಡು ಸಲ ಬರದಂತೆ ತಡೆಯೋ ನಿಯಮ) ಇಟ್ಟರೆ ಬಿಟ್ಟಲ್ಲಿಂದ ಶುರು ಮಾಡಿದರೂ ಒಂದೇ ಚೀಟಿ ಎರಡು ಸಲ ಕೂರುವುದಿಲ್ಲ. ಕಮಿಟ್ ಲಾಗನ್ನು ಯಾವಾಗ ಡಿಸ್ಕ್‌ಗೆ ಮುಟ್ಟಿಸಬೇಕು ಅನ್ನೋ ಫ್ಲಶ್ ಸೆಟ್ಟಿಂಗನ್ನು 1ರಿಂದ 2ಕ್ಕೆ ಇಳಿಸಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ವೇಗ ಸಿಗುತ್ತದೆ ನಿಜ, ಆದ್ರೆ ಸರ್ವರ್‌ಗೇ ಪವರ್ ಹೋದರೆ ಕೊನೆಯ ಒಂದು ಸೆಕೆಂಡಿನಷ್ಟು ಕಮಿಟ್ ಮಾಯ ಆಗಬಹುದು. ದುಡ್ಡಿನ ಲೆಕ್ಕ ಇರೋ ಡೇಟಾಬೇಸ್‌ಗೆ ನಾನಂತೂ ಮಾಡಲ್ಲ.

ಇನ್ನೂ ಬೇಗ ಬೇಕಂದ್ರೆ ಲೋಡ್ ಡೇಟಾ ಲೋಕಲ್ ಇನ್‌ಫೈಲ್ (ಫೈಲನ್ನೇ ನೇರ ಟೇಬಲ್‌ಗೆ ತುಂಬೋ ಆದೇಶ) ಬಳಸಿ. ಮೈಎಸ್‌ಕ್ಯೂಎಲ್ 8ರಲ್ಲಿ ಇದು ಡೀಫಾಲ್ಟ್ ಆಗಿ ಆಫ್ ಇರುತ್ತದೆ, ಸರ್ವರ್ ಮತ್ತು ಡ್ರೈವರ್ ಎರಡೂ ಕಡೆ ಆನ್ ಮಾಡಬೇಕು. ಎಕ್ಸೆಲ್‌ನಿಂದ ಸೇವ್ ಮಾಡುವಾಗ ಸಾದಾ ಸಿಎಸ್‌ವಿ ಬೇಡ, ಯುಟಿಎಫ್-8 ಸಿಎಸ್‌ವಿ ಆರಿಸಿ. ಲೋಡ್ ಕಮಾಂಡ್‌ನಲ್ಲೂ ಕ್ಯಾರೆಕ್ಟರ್ ಸೆಟ್ ಯುಟಿಎಫ್8ಎಂಬಿ4 ಅಂತ ಬರೆಯಿರಿ, ಇಲ್ಲದಿದ್ದರೆ ಚಾಲಿ, ಬೆಟ್ಟೆ ಅನ್ನೋ ಅಡಿಕೆ ವಿಧಗಳ ಹೆಸರೆಲ್ಲಾ ಪ್ರಶ್ನಾರ್ಥಕ ಚಿಹ್ನೆ ಆಗಿ ಕೂತಿರುತ್ತವೆ. ನೇರ ಅಸಲಿ ಟೇಬಲ್‌ಗೆ ಸುರಿಯುವ ಬದಲು ಒಂದು ಕಚ್ಚಾ ಟೇಬಲ್‌ಗೆ ಹಾಕಿ. ಹಳೇ ಶೀಟ್‌ಗಳಲ್ಲಿ ಅಡಿಕೆ ವಿಧ 'ರಾಶಿ' ಅಂತ ಒಂದು ಕಡೆ, ಹಿಂದೊಂದು ಸ್ಪೇಸ್ ಇರೋ 'ರಾಶಿ ' ಇನ್ನೊಂದು ಕಡೆ ಇದ್ದೇ ಇರುತ್ತದೆ. ಅಲ್ಲೇ ತೊಳೆದು ಆಮೇಲೆ ದಾಟಿಸಿ.

ಇಂಡೆಕ್ಸ್ (ಬೇಗ ಹುಡುಕೋಕೆ ಇಡೋ ಸೂಚಿ): ಟೇಬಲ್ ಖಾಲಿ ಇದ್ದರೆ ಪ್ರೈಮರಿ ಕೀ (ಪ್ರತಿ ಸಾಲಿನ ಮುಖ್ಯ ಗುರುತು) ಮತ್ತು ಆ ಯೂನಿಕ್ ಕೀ ಬಿಟ್ಟು ಉಳಿದದ್ದು ತೆಗೆದು, ಕೊನೆಗೆ ಹಾಕಿ. ಪ್ರೈಮರಿ ಕೀ ರ‍್ಯಾಂಡಮ್ ಯುಯುಐಡಿ (ಕ್ರಮವಿಲ್ಲದ ಉದ್ದನೆಯ ಗುರುತು) ಆಗಿದ್ದರೆ ಟೇಬಲ್ ಬೆಳೆದಂತೆ ನಿಧಾನ ಆಗುತ್ತಾ ಹೋಗುತ್ತದೆ, ಯಾಕಂದ್ರೆ ಇನ್ನೋಡಿಬಿ ಸಾಲುಗಳನ್ನು ಕೀ ಕ್ರಮದಲ್ಲೇ ಜೋಡಿಸುತ್ತದೆ, ಪ್ರತಿ ಸಾಲೂ ಎಲ್ಲೋ ಮಧ್ಯೆ ನುಗ್ಗಬೇಕಾಗುತ್ತದೆ. ಫಾರಿನ್ ಕೀ ಚೆಕ್ (ಒಂದು ಟೇಬಲ್ ಹೇಳೋ ಸಾಲು ಇನ್ನೊಂದರಲ್ಲಿ ಇದೆಯಾ ಅನ್ನೋ ಪರೀಕ್ಷೆ) ಆಫ್ ಮಾಡಲು ಹೋಗಬೇಡಿ, ಮತ್ತೆ ಆನ್ ಮಾಡಿದಾಗ ಅದು ಹಳೇ ಸಾಲುಗಳನ್ನು ತಿರುಗಿ ನೋಡುವುದಿಲ್ಲ. ಸದಸ್ಯರ ಟೇಬಲ್ ಮೊದಲು, ಟೆಂಡರ್ ಆಮೇಲೆ, ಅಷ್ಟೇ.

ಡ್ರೈವರ್ ಆಯ್ಕೆ ಮತ್ತು ಆಟೋಕಮಿಟ್ ಇವೆರಡನ್ನೇ ಮೊದಲು ಮಾಡಿ ನೋಡಿ. ಆಮೇಲೂ ಎಳೆಯುತ್ತಿದ್ದರೆ ಶೋ ಕ್ರಿಯೇಟ್ ಟೇಬಲ್ ಏನು ತೋರಿಸುತ್ತದೋ ಅದನ್ನು ಇಲ್ಲೇ ಕಾಮೆಂಟ್‌ನಲ್ಲಿ ಹಾಕಿ, ನೋಡ್ತೀನಿ.