ಸೇತುವೆಯಿಂದ ಬಿದ್ದ ಕಾರು ಮತ್ತು ‘ಯೆಲ್ಲಾ’

ಪ್ರಶ್ನೆ: ಕ್ರಿಶ್ಚಿಯನ್ ಪೆಟ್ಝೋಲ್ಡ್ ನಿರ್ದೇಶಿಸಿದ ‘ಯೆಲ್ಲಾ’ ಎಂಬ ಜರ್ಮನ್ ಚಿತ್ರವನ್ನು ಈಚೆಗೆ ನೋಡಿದೆ. ಗಂಡನಿಂದ ದೂರವಾಗಿ ಹೊಸ ಕೆಲಸಕ್ಕೆ ಹೊರಟ ನಾಯಕಿಯನ್ನು ಅವನು ಕಾರು ಸಮೇತ ನದಿಗೆ ಬೀಳಿಸುತ್ತಾನೆ. ಅವಳು ಈಜಿ ದಡ ಸೇರಿ, ರೈಲು ಹಿಡಿದು, ಪರಊರಿನಲ್ಲಿ ಹೊಸ ಬದುಕು ಕಟ್ಟಿಕೊಳ್ಳುತ್ತಾಳೆ. ಕೊನೆಯಲ್ಲಿ ನೋಡಿದರೆ ಅದೇ ಕಾರು ಮತ್ತೆ ನದಿಗೆ ಬೀಳುತ್ತದೆ. ಈ ಸಲ ದಡದಲ್ಲಿರುವುದು ಅವಳ ಶವ. ಅಷ್ಟು ಹೊತ್ತು ನಂಬಿಸಿ, ಎಲ್ಲವೂ ಕಲ್ಪನೆಯೆಂದು ಕೈತೊಳೆದುಕೊಳ್ಳುವುದು ಪ್ರೇಕ್ಷಕರಿಗೆ ಮಾಡುವ ಮೋಸವಲ್ಲವೇ?
– ಓದುಗರೊಬ್ಬರು, ಧಾರವಾಡ

ಉತ್ತರ: ನಿರ್ದೇಶಕರು ಗುಟ್ಟನ್ನು ಮುಚ್ಚಿಟ್ಟಿದ್ದರೆ ಮೋಸವೆನ್ನಬಹುದಿತ್ತು. ಆದರೆ ಈ ಚಿತ್ರ ಮೊದಲಿನಿಂದಲೂ ನಮ್ಮ ಕಿವಿಗೆ ಸತ್ಯವನ್ನು ಹೇಳುತ್ತಲೇ ಇದೆ. ಕನಸಿನ ದೃಶ್ಯಗಳಿಗೆ ಸಾಮಾನ್ಯವಾಗಿ ಬಳಸುವ ಮಂಜು, ಓರೆ ಕೋನ, ಮಸುಕು ಬೆಳಕು ಇಲ್ಲಿ ಎಲ್ಲಿಯೂ ಇಲ್ಲ. ಚಿತ್ರಿಕೆಗಳು ಕಚೇರಿಯ ಮೇಜಿನಷ್ಟೇ ಸ್ಪಷ್ಟವಾಗಿವೆ. ಶಬ್ದ ಮಾತ್ರ ಬೇರೆ ಕಥೆ ಹೇಳುತ್ತದೆ. ಮಾತುಕತೆ ನಡೆಯುತ್ತಿರುವಾಗಲೇ ಯೆಲ್ಲಾಳಿಗೆ ನೀರಿನ ಸದ್ದು, ಕಾಗೆಯ ಕೂಗು, ಮರಗಳಲ್ಲಿ ಬೀಸುವ ಗಾಳಿ ಕೇಳಿಸುತ್ತವೆ, ಎದುರಿಗೆ ಕೂತವರ ದನಿ ದೂರವಾಗುತ್ತದೆ. ಆ ನದಿದಂಡೆಯನ್ನು ಅವಳು ಬಿಟ್ಟು ಬಂದೇ ಇಲ್ಲ.

ಇದಕ್ಕಿಂತ ಮುಖ್ಯವಾದದ್ದು, ಸಾಯುತ್ತಿರುವ ಹೆಣ್ಣೊಬ್ಬಳು ಏನನ್ನು ಕಲ್ಪಿಸಿಕೊಂಡಳು ಎಂಬುದು. ಯೆಲ್ಲಾಳ ಊರು ಎಲ್ಬೆ ನದಿಯ ಮೇಲಿನ ವಿಟೆನ್‌ಬೆರ್ಗೆ. ಹಿಂದಿನ ಪೂರ್ವ ಜರ್ಮನಿಗೆ ಸೇರಿದ್ದ ಈ ಊರಿನ ಹೆಸರಾಂತ ಹೊಲಿಗೆ ಯಂತ್ರದ ಕಾರ್ಖಾನೆ 1990ರ ಏಕೀಕರಣದ ನಂತರ ಮುಚ್ಚಿಹೋಯಿತು, ಜನ ಕೆಲಸ ಹುಡುಕಿಕೊಂಡು ಪಶ್ಚಿಮಕ್ಕೆ ಹೊರಟರು. ಪೆಟ್ಝೋಲ್ಡ್ ಕೂಡ ಪೂರ್ವದಿಂದ ಪಶ್ಚಿಮಕ್ಕೆ ಬಂದ ತಂದೆತಾಯಿಯ ಮಗ. ಹಾಗಾಗಿ ಯೆಲ್ಲಾಳ ಕಲ್ಪನೆಯ ಸ್ವರ್ಗ ಹ್ಯಾನೋವರ್ ನಗರ. ಅಲ್ಲಿ ಅವಳಿಗೆ ಸಿಗುವುದು ಹೋಟೆಲ್ ಕೋಣೆ, ಬಾಡಿಗೆ ಕಾರು, ಗಾಜಿನ ಗೋಡೆಯ ಸಭಾಂಗಣ ಮತ್ತು ಫಿಲಿಪ್ ಎಂಬ ಹಣಹೂಡಿಕೆದಾರನ ಸಹಾಯಕಿಯ ಕೆಲಸ. ಕೊನೆಯ ಉಸಿರಿನಲ್ಲಿಯೂ ಆ ಜೀವಕ್ಕೆ ಇದಕ್ಕಿಂತ ಹೆಚ್ಚಿನದನ್ನು ಆಸೆಪಡಲು ಆಗಲಿಲ್ಲವಲ್ಲ ಎಂಬುದು, ನನ್ನ ಮಟ್ಟಿಗೆ, ಅವಳ ಸಾವಿಗಿಂತಲೂ ದೊಡ್ಡ ದುಃಖ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಸಾಲ, ಪಾಲು, ಬಡ್ಡಿಗಳ ಚೌಕಾಸಿ ನಡೆಯುವ ಆ ದೃಶ್ಯಗಳಿಗೆ ಆಧಾರ, ಹಾರುನ್ ಫಾರೋಕಿ ಅವರು 2004ರಲ್ಲಿ ನಿಜವಾದ ಹೂಡಿಕೆ ಮಾತುಕತೆಯೊಂದನ್ನು ಚಿತ್ರೀಕರಿಸಿ ಮಾಡಿದ ಸಾಕ್ಷ್ಯಚಿತ್ರ. ಅಂದರೆ ಚಿತ್ರದಲ್ಲಿ ವಾಸ್ತವಕ್ಕೆ ಅತ್ಯಂತ ಹತ್ತಿರವಾದ ಭಾಗವೇ ಕಥೆಯೊಳಗೆ ಭ್ರಮೆಯಾಗಿದೆ. ಇನ್ನೂ ತಯಾರಾಗದ ವಸ್ತುವಿಗೆ, ಇನ್ನೂ ಬಾರದ ಲಾಭಕ್ಕೆ ಇಂದೇ ಬೆಲೆ ಕಟ್ಟುವ ಆ ಮೇಜಿನ ಸುತ್ತ ಕೂತವರೂ ಕಲ್ಪನೆಯಲ್ಲೇ ಬದುಕುತ್ತಿರುವವರು. ‘ಯಾವುದು ನಿಜ’ ಎಂಬ ತಮ್ಮ ಪ್ರಶ್ನೆಯನ್ನು ನಿರ್ದೇಶಕರು ಯೆಲ್ಲಾಳಿಗೆ ಮಾತ್ರವಲ್ಲ, ಅವರೆಲ್ಲರಿಗೂ ಕೇಳುತ್ತಿದ್ದಾರೆ.

ಯೆಲ್ಲಾಳ ಪಾತ್ರಕ್ಕೆ ನೀನಾ ಹಾಸ್ ಅವರಿಗೆ 2007ರ ಬರ್ಲಿನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟಿಗೆ ಕೊಡುವ ಬೆಳ್ಳಿ ಕರಡಿ ಪ್ರಶಸ್ತಿ ಬಂದಿತು.

ಪ್ರಶ್ನೆ: ಇದು ಹಳೆಯ ಅಮೆರಿಕನ್ ಚಿತ್ರವೊಂದರ ನಕಲು ಎಂದು ಗೆಳೆಯರು ಹೇಳುತ್ತಾರೆ. ನಿಜವೇ?
– ಅದೇ ಓದುಗರು

ಉತ್ತರ: ಹರ್ಕ್ ಹಾರ್ವೆ ಅವರ 1962ರ ‘ಕಾರ್ನಿವಲ್ ಆಫ್ ಸೋಲ್ಸ್’ ಚಿತ್ರದಲ್ಲಿಯೂ ಕಾರು ಸೇತುವೆಯಿಂದ ನದಿಗೆ ಬೀಳುತ್ತದೆ, ನಾಯಕಿ ಎದ್ದು ಬಂದು ಬೇರೆ ಊರಿಗೆ ಕೆಲಸಕ್ಕೆ ಹೋಗುತ್ತಾಳೆ, ಕೊನೆಗೆ ಅವಳ ಶವ ಕಾರಿನಲ್ಲೇ ಸಿಗುತ್ತದೆ. ಎಲುಬಿನ ಹಂದರ ಅಲ್ಲಿಯದೇ. ಆದರೆ ಆ ಚಿತ್ರದ ನಾಯಕಿಯನ್ನು ಬಿಳಿಚಿದ ಮುಖದ ಪ್ರೇತಗಳು ಬೆನ್ನಟ್ಟಿದರೆ, ಇಲ್ಲಿ ಯೆಲ್ಲಾಳ ಕಣ್ಣಿಗೆ ಬೀಳುವುದು ಅವಳೇ ಹಣಕ್ಕಾಗಿ ಬೆದರಿಸಿದ ಉದ್ಯಮಿ. ಮಾತುಕತೆಯ ನಡುವೆ ಅವನು ಮೈಯೆಲ್ಲ ತೊಯ್ದು ನೀರಿಳಿಸುತ್ತಾ ಕಾಣಿಸಿಕೊಳ್ಳುತ್ತಾನೆ. ಅವಳು ಅವನ ಮನೆಗೆ ಧಾವಿಸಿದರೆ ಅವನು ಕೊಳದಲ್ಲಿ ಮುಳುಗಿ ಸತ್ತಿದ್ದಾನೆ. ಅವಳ ಕಲ್ಪನೆ ಕುಸಿಯುವುದು ಅಲ್ಲಿಂದಲೇ.